ಸೂರ್ಯನ ಕಲೆಗೂ ಕಾಸರಗೋಡಿನ ಮಳೆಗೂ ನಂಟಿದೆಯೇ? ಮಳೆಯ ಡೈರಿ ಹಿಡಿದು ನೀವೇ ಪರೀಕ್ಷಿಸುವ ಬಗೆ

ಬದಿಯಡ್ಕದ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಭಾವ 1987ರಿಂದ ಮಳೆ ಅಳೆದು ಬರೆಯುತ್ತಿದ್ದಾರೆ. ದಿನವೂ ಬೆಳಗ್ಗೆ ಎಂಟೂವರೆಗೆ ಅಂಗಳಕ್ಕೆ ಇಳಿದು, ಮಾಪಕದಲ್ಲಿ ನಿಂತ ನೀರನ್ನು ಅಳತೆಯ ಗಾಜಿಗೆ ಸುರಿದು, ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ. ಅಂಚಿನಲ್ಲಿ ನೀರು ಗಾಜನ್ನು ಹತ್ತಿ ಸ್ವಲ್ಪ ಮೇಲೇರಿರುತ್ತದೆ. ಅದನ್ನು ಬಿಟ್ಟು ನಡುವೆ ತಗ್ಗಿದ ಜಾಗದ ಅಂಕಿಯನ್ನೇ ಓದುತ್ತಾರೆ. ಆಟಿ ತಿಂಗಳಲ್ಲಿ ಕೊಡೆ ಹಿಡಿದುಕೊಂಡು ಈ ಕೆಲಸ ಮಾಡುವುದು ಎಷ್ಟು ಕಷ್ಟವೆಂದು ನೋಡಿದವರಿಗೇ ಗೊತ್ತು.

ಅವರ ಮೊಬೈಲಿಗೆ ಒಂದು ಸಂದೇಶ ಬಂದಿತ್ತು: ಸೂರ್ಯನ ಮೈಮೇಲೆ ಕಪ್ಪಗೆ ಕಾಣುವ ಕಲೆಗಳು ಹೆಚ್ಚಾದ ವರ್ಷ ಮುಂಗಾರು ಸೊರಗುತ್ತದೆ ಎಂದು. "ಇದು ನಿಜವೋ ಸುಳ್ಳೋ ನನ್ನ ಡೈರಿಯಲ್ಲೇ ನೋಡಬಹುದೇ?" ಎಂದು ಕೇಳಿದರು. ನೋಡಬಹುದು. ಒಂದು ಕಂಪ್ಯೂಟರ್, ಸ್ಪ್ರೆಡ್‌ಶೀಟ್ ಮತ್ತು ಎರಡು ಭಾನುವಾರ ಇದ್ದರೆ ಸಾಕು. ನಾವು ನಡೆದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಮಗೆ ಬಂದ ಉತ್ತರವನ್ನು ಮಾತ್ರ ಬೇಕೆಂದೇ ಹೇಳುವುದಿಲ್ಲ. ಒಬ್ಬರ ಉತ್ತರ ಮೊದಲೇ ಕಿವಿಗೆ ಬಿದ್ದರೆ ಇನ್ನೊಬ್ಬರ ಲೆಕ್ಕವೂ ಅತ್ತಲೇ ವಾಲುತ್ತದೆ.

ಪ್ರಶ್ನೆ ಹೊಸದಲ್ಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾ ಬರಗಾಲದ ನಡುವೆ, 1877ರಲ್ಲಿ, ಇಂಗ್ಲೆಂಡಿನ ಖಗೋಳಜ್ಞ ನಾರ್ಮನ್ ಲಾಕಿಯರ್ ಮತ್ತು ಭಾರತದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ವಿಲಿಯಂ ಹಂಟರ್ ಸೂರ್ಯಕಲೆಗೂ ಬರಕ್ಕೂ ಸಂಬಂಧವಿದೆ ಎಂದು ಬರೆದರು. ಅವರ ವಾದದಲ್ಲಿ ಕಲೆ ಕಡಿಮೆಯಾದ ವರ್ಷಗಳೇ ಬರದ ವರ್ಷಗಳು. ಭಾವನ ಮೊಬೈಲಿಗೆ ಬಂದ ಸಂದೇಶ ಅದಕ್ಕೆ ತದ್ವಿರುದ್ಧ. ಆಗ ನಮ್ಮ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1899ರಲ್ಲಿ ಕೊಡೈಕನಾಲಿನಲ್ಲಿ ಸೂರ್ಯ ವೀಕ್ಷಣಾಲಯ ಹುಟ್ಟಿಕೊಂಡದ್ದರ ಹಿಂದೆಯೂ, ಸೂರ್ಯನನ್ನು ನೋಡಿ ಮಳೆಯನ್ನು ಮುಂಗಾಣಬಹುದೇನೋ ಎಂಬ ಆಸೆ ಇತ್ತು. ಆಮೇಲೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್ ಸೂರ್ಯಕಲೆ ಮತ್ತು ಮಳೆಯ ಅಂಕಿಗಳನ್ನು ಊರೂರಿನಿಂದ ತರಿಸಿ ಹೋಲಿಸಿ 1915ರಲ್ಲಿ ಪ್ರಕಟಿಸಿದರು. ಮುನ್ಸೂಚನೆಗೆ ಆಧಾರವಾಗುವಷ್ಟು ಬಲದ ನಂಟು ಅವರಿಗೆ ಸಿಗಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಅವರು ಎತ್ತಿದ ಒಂದು ಎಚ್ಚರಿಕೆ ನಮ್ಮ ಮೊದಲ ಹೆಜ್ಜೆಗೆ ಬುನಾದಿ: ಹತ್ತಾರು ಜೋಡಿಗಳನ್ನು ಹೋಲಿಸಿ, ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು ಎತ್ತಿಕೊಂಡು ಸಂಭ್ರಮಿಸಬಾರದು.

ಮೊದಲು ಪ್ರಶ್ನೆಯನ್ನು ಶಾಯಿಯಲ್ಲಿ ಬರೆಯಿರಿ

ಅಂಕಿಗಳನ್ನು ನೋಡುವ ಮುಂಚೆಯೇ ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದು ದಿನಾಂಕ ಹಾಕಿ. ಯಾವ ಮಳೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಟ್ಟು ಮಳೆಯೋ, ಮಳೆಯ ದಿನಗಳ ಎಣಿಕೆಯೋ? ಅದೇ ವರ್ಷದ ಕಲೆಯೋ, ಹಿಂದಿನ ವರ್ಷದ್ದೋ? ಕಲೆ ಹೆಚ್ಚಾದರೆ ಮಳೆ ಏರಬೇಕೋ, ಇಳಿಯಬೇಕೋ? ಎಷ್ಟು ಅಪರೂಪದ ಫಲಿತಾಂಶ ಬಂದರೆ "ನಂಟಿದೆ" ಎನ್ನುತ್ತೀರಿ? ಕೊನೆಯದಕ್ಕೆ ರೂಢಿಯ ಗಡಿ ನೂರಕ್ಕೆ 5. ಬರಿಯ ಆಕಸ್ಮಿಕದಿಂದ ನೂರರಲ್ಲಿ ಐದು ಸಲಕ್ಕಿಂತ ಕಡಿಮೆ ಬರಬಹುದಾದ ಫಲಿತಾಂಶ ಎಂದು ಅರ್ಥ.

ಇಷ್ಟು ಬಿಗಿ ಏಕೆಂದರೆ, ಹನ್ನೆರಡು ತಿಂಗಳುಗಳನ್ನೂ ತೆಗೆದುಕೊಂಡು, ಪ್ರತಿ ತಿಂಗಳಿಗೂ ಅದೇ ವರ್ಷದಿಂದ ಐದು ವರ್ಷ ಹಿಂದಿನವರೆಗಿನ ಆರು ಬಗೆಯ ಹೋಲಿಕೆ ಮಾಡಿದರೆ ಒಟ್ಟು 72 ಪರೀಕ್ಷೆಗಳಾಗುತ್ತವೆ. ಸೂರ್ಯನಿಗೂ ಮಳೆಗೂ ಏನೇನೂ ಸಂಬಂಧ ಇಲ್ಲದಿದ್ದರೂ ಅವುಗಳಲ್ಲಿ ಮೂರೋ ನಾಲ್ಕೋ ಈ ಗಡಿಯನ್ನು ದಾಟುತ್ತವೆ. ಬರೇ ಇಪ್ಪತ್ತು ಪರೀಕ್ಷೆ ಮಾಡಿದರೂ ಒಂದಾದರೂ ದಾಟುವ ಸಾಧ್ಯತೆ ನೂರಕ್ಕೆ 64. "ಆಗಸ್ಟ್ ಮಳೆಗೂ ಮೂರು ವರ್ಷ ಹಿಂದಿನ ಕಲೆಗೂ ಗಾಢ ಸಂಬಂಧ" ಎಂದು ಯಾರಾದರೂ ಹೇಳಿದರೆ, ಎಷ್ಟು ಬಾಗಿಲು ತಟ್ಟಿದ ಮೇಲೆ ಇದು ತೆರೆಯಿತು ಎಂದು ನಾನು ಮೊದಲು ಕೇಳುತ್ತೇನೆ.

ಭಾವ ಆರಿಸಿಕೊಂಡದ್ದು ಮಳೆಯ ದಿನಗಳನ್ನು. ಅಡಿಕೆಗೆ ಕೊಳೆರೋಗ ಹತ್ತುವುದು ಬಿಡದೆ ಸುರಿಯುವ ಮಳೆಗೆ. ಅದನ್ನು ತಡೆಯುವ ಬೋರ್ಡೋ ದ್ರಾವಣದ ಎರಡನೆಯ ಸಿಂಪರಣೆ ಮೊದಲನೆಯದು ಆದ ಮೇಲೆ ನಲವತ್ತು, ನಲವತ್ತೈದು ದಿನಗಳಲ್ಲಿ ಆಗಬೇಕು. ಅಷ್ಟರೊಳಗೆ ಒಂದು ಹೊಳವು ಸಿಗುತ್ತದೋ ಇಲ್ಲವೋ ಎಂಬುದೇ ತೋಟದವನ ಚಿಂತೆ, ಒಟ್ಟು ಮಿಲಿಮೀಟರ್ ಅಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಅದು ಮಳೆಯ ದಿನ. ನೀವೂ ಇದೇ ಅಳತೆ ಇಟ್ಟುಕೊಂಡರೆ ಬೇರೆಯವರ ಲೆಕ್ಕಕ್ಕೆ ತಾಳೆ ನೋಡಲು ಬರುತ್ತದೆ.

ಮಳೆಯ ಅಂಕಿಗಳನ್ನು ಶುದ್ಧ ಮಾಡುವುದು

ಇಲ್ಲಿ ಅವಸರ ಮಾಡಬೇಡಿ. ಹಳೆಯ ಪುಟಗಳಲ್ಲಿ ಮಳೆ ಇಂಚಿನಲ್ಲಿರಬಹುದು, 25.4ರಿಂದ ಗುಣಿಸಿ ಮಿಲಿಮೀಟರಿಗೆ ತನ್ನಿ. ಬರೆಯದೆ ಬಿಟ್ಟ ದಿನವೂ ಮಳೆಯಿಲ್ಲದ ದಿನವೂ ಒಂದೇ ಅಲ್ಲ. ಖಾಲಿ ಮನೆಗೆ ಸೊನ್ನೆ ಹಾಕಿದರೆ ಇಡೀ ವರ್ಷದ ಲೆಕ್ಕ ಕೆಡುತ್ತದೆ. ಮದುವೆಗೆ ಹೋದ ದಿನ ಓದದೆ, ಮರುದಿನ ಎರಡು ದಿನದ್ದು ಒಟ್ಟಿಗೆ ಬರೆದಿದ್ದರೆ ಒಟ್ಟು ಮಳೆಗೆ ತೊಂದರೆ ಇಲ್ಲ, ಮಳೆಯ ದಿನಗಳ ಎಣಿಕೆಗೆ ಇದೆ.

ಭಾವನ ಡೈರಿಯಲ್ಲಿ ನಮಗೆ ಸಿಕ್ಕ ದೊಡ್ಡ ತೊಡಕು ಒಂದು ಹಲಸಿನ ಮರ. ಮಾಪಕ ಇಟ್ಟಾಗ ಅದು ಎದೆಯೆತ್ತರದ ಗಿಡ. ಈಗ ಅದರ ರೆಂಬೆ ಅಂಗಳದ ಅರ್ಧಕ್ಕೆ ಚಾಚಿದೆ. ಅಡ್ಡವಾದ ಮರವೋ ಗೋಡೆಯೋ ಎಷ್ಟು ಎತ್ತರವಿದೆಯೋ ಕನಿಷ್ಠ ಅದರ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು. ಮರ ಬೆಳೆದಂತೆ ಅಳತೆ ನಿಧಾನವಾಗಿ ಇಳಿದಿದ್ದರೆ, ಆ ಇಳಿಕೆ ಸೂರ್ಯನ ಲೆಕ್ಕಕ್ಕೆ ಜಮೆಯಾಗಿಬಿಡುತ್ತದೆ! ಇದನ್ನು ಪತ್ತೆ ಮಾಡಲು ಹತ್ತಿರದ ಇನ್ನೊಂದು ಮಾಪಕದ ವಾರ್ಷಿಕ ಮಳೆಯೊಡನೆ ನಿಮ್ಮದರ ಅನುಪಾತ ತೆಗೆದು ವರ್ಷವಾರು ನೋಡಿ. ಅನುಪಾತ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಆ ವರ್ಷಗಳನ್ನು ಪಕ್ಕಕ್ಕಿಡಿ.

ಡೈರಿ ಇಲ್ಲದವರಿಗೂ ದಾರಿಯಿದೆ. ಪುಣೆಯ ಹವಾಮಾನ ಇಲಾಖೆಯ ಕಚೇರಿ 1901ರಿಂದೀಚಿನ ದೈನಂದಿನ ಮಳೆಯನ್ನು ಕಾಲು ಡಿಗ್ರಿಯ, ಅಂದರೆ ಸುಮಾರು 27 ಕಿಲೋಮೀಟರ್ ಅಂತರದ ಚೌಕಗಳಾಗಿ ಉಚಿತವಾಗಿ ಕೊಡುತ್ತದೆ. 12.5 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವದ ಬಿಂದು ಹೆಚ್ಚುಕಡಿಮೆ ಕಾಸರಗೋಡು ಪೇಟೆಯ ಮೇಲೆಯೇ ಬೀಳುತ್ತದೆ. ಪುಣೆಯಲ್ಲೇ ಇರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ 1871ರಿಂದ ಹವಾಮಾನದ ಉಪವಿಭಾಗವಾರು ತಿಂಗಳ ಮಳೆಯ ಪಟ್ಟಿ ಮಾಡಿದೆ.

ಗಡಿನಾಡಿನವರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ. ನಮ್ಮ ಊರಿನ ಹಳೆಯ ಅಂಕಿ ಒಂದೇ ಕಪಾಟಿನಲ್ಲಿ ಸಿಗುವುದಿಲ್ಲ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದ ಕೆಳಗೆ, 1957ರಿಂದ ಕಣ್ಣೂರು ಜಿಲ್ಲೆಯ ಕೆಳಗೆ, 1984ರ ಮೇ 24ರ ನಂತರ ಕಾಸರಗೋಡು ಜಿಲ್ಲೆ ಎಂದೇ ಹುಡುಕಬೇಕು. ಉಪವಿಭಾಗದ ಪಟ್ಟಿಯಲ್ಲಿ ನಾವು ಕೇರಳಕ್ಕೆ ಸೇರುತ್ತೇವೆ. ಆದರೆ ಮಂಜೇಶ್ವರದ ಮಳೆ ತಿರುವನಂತಪುರದ ಮಳೆಗಿಂತ ಮಂಗಳೂರಿನ ಮಳೆಯನ್ನೇ ಹೆಚ್ಚು ಹೋಲುತ್ತದೆ. ಕೇರಳದ ಸಾಲು ಬಳಸುತ್ತೀರೋ ಕರಾವಳಿ ಕರ್ನಾಟಕದ ಸಾಲೋ ಎಂಬುದನ್ನು ಮೊದಲ ದಿನದ ಹಾಳೆಯಲ್ಲೇ ಬರೆದಿಡಿ. ಎರಡನ್ನೂ ನೋಡಿ ಚೆನ್ನಾಗಿ ಕಂಡದ್ದನ್ನು ಇಟ್ಟುಕೊಳ್ಳುವುದು ಸಲ್ಲದು.

ಸೂರ್ಯನ ಅಂಕಿ

ಇದು ಸುಲಭ. ಬ್ರಸೆಲ್ಸ್‌ನಲ್ಲಿರುವ ಬೆಲ್ಜಿಯಂನ ರಾಜಮನೆತನದ ಹೆಸರಿನ ವೀಕ್ಷಣಾಲಯ 1700ರಿಂದ ವಾರ್ಷಿಕ, 1749ರಿಂದ ಮಾಸಿಕ, 1818ರಿಂದ ದೈನಂದಿನ ಸೂರ್ಯಕಲೆ ಅಂಕಿಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಈ ಅಂಕಿ ಬರೇ ಕಲೆಗಳ ಎಣಿಕೆಯಲ್ಲ. ಗುಂಪುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಅದಕ್ಕೆ ಬಿಡಿ ಕಲೆಗಳ ಸಂಖ್ಯೆಯನ್ನು ಕೂಡಿಸುತ್ತಾರೆ. ಮೂರು ಗುಂಪುಗಳಲ್ಲಿ ಒಟ್ಟು ಹನ್ನೆರಡು ಕಲೆ ಕಂಡರೆ 42.

2015ರಲ್ಲಿ ಇಡೀ ಪಟ್ಟಿಯನ್ನು ಪರಿಷ್ಕರಿಸಿದರು. 1957ರ ವಾರ್ಷಿಕ ಅಂಕಿ ಹಳೆಯ ಪಟ್ಟಿಯಲ್ಲಿ ಸುಮಾರು 190, ಹೊಸದರಲ್ಲಿ ಸುಮಾರು 269. ಹಳೆಯ ಪುಸ್ತಕದಿಂದ ಅರ್ಧ, ಹೊಸ ಪಟ್ಟಿಯಿಂದ ಅರ್ಧ ಸೇರಿಸಿದರೆ ಇಲ್ಲದ ಏರಿಕೆಯೊಂದು ಹುಟ್ಟುತ್ತದೆ. ಹದಿಮೂರು ತಿಂಗಳ ಸರಾಸರಿ ತೆಗೆದು ನಯಗೊಳಿಸಿದ ಸಾಲೂ ಅಲ್ಲಿ ಸಿಗುತ್ತದೆ. ಅದನ್ನು ತೆಗೆದುಕೊಳ್ಳಬೇಡಿ. ಕಾರಣ ಮುಂದೆ ಬರುತ್ತದೆ.

ನಂಟನ್ನು ಅಳೆಯುವುದು, ಆಮೇಲೆ ಇಸ್ಪೀಟಿನ ಎಲೆಯಂತೆ ಕಲಸುವುದು

ಸ್ಪ್ರೆಡ್‌ಶೀಟಿನ ಮೊದಲ ಸಾಲುಮನೆಯಲ್ಲಿ ವರ್ಷ, ಎರಡನೆಯದರಲ್ಲಿ ಕಲೆ, ಮೂರನೆಯದರಲ್ಲಿ ಮಳೆ. ಮೊದಲು ಚಿತ್ರ ಬರೆಯಿರಿ: ಅಡ್ಡಕ್ಕೆ ಕಲೆ, ನೇರಕ್ಕೆ ಮಳೆ, ಪ್ರತಿ ವರ್ಷಕ್ಕೆ ಒಂದು ಚುಕ್ಕಿ. ಎರಡು ಗೆರೆಗಳನ್ನು ಒಂದರ ಮೇಲೊಂದು ಬರೆದು ಎಡಬಲಕ್ಕೆ ಬೇರೆ ಬೇರೆ ಅಳತೆಗೋಲು ಇಡುವ ಚಿತ್ರವನ್ನು ನಾನು ನಂಬುವುದಿಲ್ಲ. ಅಳತೆಗೋಲನ್ನು ಹಿಗ್ಗಿಸಿ ಕುಗ್ಗಿಸಿ ಯಾವ ಎರಡು ಗೆರೆಗಳನ್ನು ಬೇಕಾದರೂ ಜೊತೆಗೆ ನಡೆಸಬಹುದು. ಚುಕ್ಕಿಗಳ ಚಿತ್ರದಲ್ಲಿ ಆ ಸೌಕರ್ಯವಿಲ್ಲ.

ಆಮೇಲೆ ಸ್ಪ್ರೆಡ್‌ಶೀಟಿನ 'ಕೋರೆಲ್' (CORREL) ಸೂತ್ರದಿಂದ ಸಹಸಂಬಂಧ, ಅಂದರೆ ಎರಡು ಸಾಲುಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಂಕಿ, ತೆಗೆಯಿರಿ. ಉತ್ತರ -1ಕ್ಕೂ +1ಕ್ಕೂ ನಡುವೆ ಇರುತ್ತದೆ: ಸೊನ್ನೆಯ ಹತ್ತಿರವಾದರೆ ನಂಟಿಲ್ಲ, ಋಣ ಅಂಕಿಯಾದರೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ: 38 ವರ್ಷಗಳ ಡೈರಿ, ಬಂದ ಅಂಕಿ -0.35. 2ನ್ನು ವರ್ಷಗಳ ವರ್ಗಮೂಲದಿಂದ ಭಾಗಿಸಿದರೆ ಸಿಗುವುದು ನೂರಕ್ಕೆ 5ರ ಆ ಗಡಿಯ ಒರಟು ಅಂದಾಜು. 38 ವರ್ಷಕ್ಕೆ ಅದು 0.32. ನಮ್ಮ ಅಂಕಿ ಗಡಿ ದಾಟಿದೆ. ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು.

ನಿಲ್ಲಬೇಡಿ. ಮಳೆಯ ಪಕ್ಕದಲ್ಲಿ ಒಂದು ಹೊಸ ಸಾಲುಮನೆಗೆ ಯಾದೃಚ್ಛಿಕ ಸಂಖ್ಯೆಗಳನ್ನು, ಅಂದರೆ ಯಾವ ಕ್ರಮವೂ ಇಲ್ಲದೆ ಕಂಪ್ಯೂಟರ್ ಕೊಡುವ ಸಂಖ್ಯೆಗಳನ್ನು, ತುಂಬಿ, ಅವುಗಳ ಏರುಕ್ರಮಕ್ಕೆ ಮಳೆಯನ್ನು ಮಾತ್ರ ಮರುಜೋಡಿಸಿ. ಈಗ 1994ರ ಮಳೆ 2011ರ ಕಲೆಯ ಪಕ್ಕ ಕೂತಿದೆ; ಎರಡಕ್ಕೂ ನಂಟಿರುವ ಪ್ರಶ್ನೆಯೇ ಇಲ್ಲ. ಸಹಸಂಬಂಧ ತೆಗೆದು ಬರೆದಿಡಿ. ಹೀಗೆ ಸಾವಿರ ಸಲ. ಒಂದೇ ಕೆಲಸವನ್ನು ಕಂಪ್ಯೂಟರಿನಿಂದ ಮತ್ತೆ ಮತ್ತೆ ಮಾಡಿಸುವ ಸಣ್ಣ ಮ್ಯಾಕ್ರೋ ಬರೆಯಬಲ್ಲ ಹುಡುಗರು ಮನೆಯಲ್ಲಿದ್ದರೆ ಒಂದು ನಿಮಿಷದ ಕೆಲಸ. ಆ ಸಾವಿರದಲ್ಲಿ, ಚಿಹ್ನೆ ಬಿಟ್ಟು, 0.35 ಅಥವಾ ಹೆಚ್ಚು ಎಷ್ಟು ಸಲ ಬಂತು? 30 ಸಲ ಎಂದಾದರೆ ನೂರಕ್ಕೆ 3. ಯಾವ ಕೋಷ್ಟಕದ ಹಂಗೂ ಇಲ್ಲದೆ ನಿಮ್ಮ ಮಳೆಯೇ ನಿಮಗೆ ಗಡಿಯನ್ನು ಹೇಳಿತು.

ಕಲೆಯ ಸಾಲನ್ನು ಹಿಂದಿನ ವರ್ಷಗಳಿಗೂ ಸರಿಸಿ, ಐದು ಬಗೆಯಲ್ಲಿ ನೋಡಿದ್ದೀರಿ ಎನ್ನಿ. ಆಗ ಪ್ರತಿ ಕಲಸಾಟದಲ್ಲೂ ಐದೂ ಬಗೆಯ ಸಹಸಂಬಂಧ ತೆಗೆದು, ಅವುಗಳಲ್ಲಿ ದೊಡ್ಡದನ್ನು ಮಾತ್ರ ಬರೆದಿಡಿ. ನಿಮ್ಮ ನಿಜವಾದ ಅಂಕಿಗಳಲ್ಲಿನ ದೊಡ್ಡದನ್ನು ಈ ಸಾವಿರ ದೊಡ್ಡವುಗಳ ಜೊತೆ ಹೋಲಿಸಿ. ಬಹು ಪರೀಕ್ಷೆಯ ದೋಷ ತಾನಾಗಿ ಕಳೆಯುತ್ತದೆ. ನೂರಕ್ಕೆ 3 ಇದ್ದದ್ದು ನೂರಕ್ಕೆ 10ಕ್ಕೆ ಏರಿದರೆ ಬೇಸರಿಸಬೇಡಿ.

ನೆನಪಿರುವ ಸಾಲುಗಳು

ಕಲಸುವ ವಿಧಾನಕ್ಕೆ ಒಂದು ಷರತ್ತಿದೆ: ಈ ವರ್ಷದ ಮಳೆಗೆ ಹಿಂದಿನ ವರ್ಷದ ಮಳೆಯ ನೆನಪು ಇರಬಾರದು. ಪರೀಕ್ಷಿಸಲು ಮಳೆಯ ಸಾಲನ್ನು ಒಂದು ಮನೆ ಕೆಳಗೆ ಸರಿಸಿ ಅದರೊಡನೆಯೇ ಸಹಸಂಬಂಧ ತೆಗೆಯಿರಿ. 38 ವರ್ಷಕ್ಕೆ ಅದು 0.32ಕ್ಕಿಂತ ಸಣ್ಣದಾದರೆ ಮುಂದುವರಿಯಬಹುದು. ಮುಂಗಾರು ಮಳೆಗೆ ಸಾಮಾನ್ಯವಾಗಿ ಈ ನೆನಪು ಕಡಿಮೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರಿಗೆ ಹಾಗಲ್ಲ. ಗುಡ್ಡದ ಹೊಟ್ಟೆಯಲ್ಲಿ ಇಂಗಿದ ನೀರು ಹಿಂದಿನ ಮಳೆಗಾಲದ ಲೆಕ್ಕವನ್ನೂ ಹೊತ್ತು ಬರುತ್ತದೆ. ಬಾವಿಯ ಮಟ್ಟ, ಉಷ್ಣತೆ ಇವೆಲ್ಲ ಹಾಗೆಯೇ. ಅವುಗಳನ್ನು ಬಿಡಿ ವರ್ಷಗಳಾಗಿ ಕಲಸಬೇಡಿ, ಮೂರು ನಾಲ್ಕು ವರ್ಷಗಳ ತುಂಡುಗಳಾಗಿ ಕಲಸಿ.

ಈಗ ನಯಗೊಳಿಸುವ ಮಾತು. ಮಳೆಯ ಗೆರೆ ಗರಗಸದ ಹಲ್ಲಿನಂತೆ ಕಾಣುತ್ತದೆಂದು ಐದು ವರ್ಷಗಳ ಚಲಿಸುವ ಸರಾಸರಿ ತೆಗೆಯುವುದು ಎಲ್ಲರಿಗೂ ಅಭ್ಯಾಸ. ತೆಗೆದೊಡನೆ ಸಹಸಂಬಂಧ ಜಿಗಿದು ಮೇಲೇರಬಹುದು. ಆ ಜಿಗಿತದಲ್ಲೇ ಮೋಸವಿದೆ. ಸರಾಸರಿ ತೆಗೆದ ಸಾಲಿನಲ್ಲಿ ಅಕ್ಕಪಕ್ಕದ ವರ್ಷಗಳು ಐದರಲ್ಲಿ ನಾಲ್ಕು ಪಾಲು ಒಂದೇ ಮಳೆಯನ್ನು ಹಂಚಿಕೊಂಡಿರುತ್ತವೆ. ನೆನಪು ಸುಮಾರು 0.8 ಆಗುತ್ತದೆ. ಸೂರ್ಯಕಲೆಯ ವಾರ್ಷಿಕ ಸಾಲಿನ ನೆನಪೂ ಸುಮಾರು 0.8. ಎರಡರ ಗುಣಲಬ್ಧ 0.64. 1ರಿಂದ ಅದನ್ನು ಕಳೆದು, 1ಕ್ಕೆ ಅದನ್ನು ಕೂಡಿಸಿದ್ದರಿಂದ ಭಾಗಿಸಿ: 0.36 ಭಾಗಿಸು 1.64, ಅಂದರೆ 0.22. ನಿಮ್ಮ ಬಳಿ 120 ವರ್ಷಗಳ ಅಂಕಿ ಇದ್ದರೂ ಸ್ವತಂತ್ರ ವರ್ಷಗಳು 26 ಮಾತ್ರ ಉಳಿದವು. ಗಡಿ 0.18ರಿಂದ 0.39ಕ್ಕೆ ಏರಿತು. ನಯಗೊಳಿಸಿದ ಗೆರೆಗೆ ಹಳೆಯ ಗಡಿಯನ್ನೇ ಬಳಸಿದವರು ಇಲ್ಲದ ನಂಟನ್ನು ಕಂಡಿದ್ದಾರೆ, ಮತ್ತೆ ಮತ್ತೆ ಕಂಡಿದ್ದಾರೆ. ಕಾಲದ ಸಾಲುಗಳ ನಡುವೆ ಅರ್ಥವಿಲ್ಲದ ಸಹಸಂಬಂಧ ಹೇಗೆ ಹುಟ್ಟುತ್ತದೆಂದು ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ 1926ರಲ್ಲೇ ಬಿಡಿಸಿ ತೋರಿಸಿದರು. ಮರುವರ್ಷ ಅವರು ನೆನಪಿರುವ ಸಾಲಿನ ಗಣಿತಕ್ಕೆ ಮಾದರಿಯಾಗಿ ಎತ್ತಿಕೊಂಡದ್ದು ಇದೇ ಸೂರ್ಯಕಲೆಯ ಅಂಕಿಗಳನ್ನು.

ಶಿಖರಗಳನ್ನು ಎಣಿಸಿ

ಸೂರ್ಯಕಲೆಯ ಏರಿಳಿತಕ್ಕೆ ಸರಾಸರಿ 11 ವರ್ಷ. 1987ರಿಂದೀಚೆಗೆ ಬಂದ ಶಿಖರಗಳು ನಾಲ್ಕೇ: 1989ರ ಸುಮಾರಿಗೆ, 2000-01, 2014, 2024. 38 ವರ್ಷಗಳ ಡೈರಿ ಎಂದು ನಾವು ಹೆಮ್ಮೆಪಟ್ಟರೂ ಸೂರ್ಯನ ಕಣ್ಣಿನಲ್ಲಿ ಅದು ನಾಲ್ಕು ಸಲ ನಾಣ್ಯ ಚಿಮ್ಮಿದಂತೆ. ನಾಲ್ಕೂ ಶಿಖರಗಳಲ್ಲಿ ಮಳೆ ಕಡಿಮೆಯಾಗಿತ್ತು ಎನ್ನಿ. ನಾಲ್ಕು ನಾಣ್ಯಗಳೂ ಒಂದೇ ಮುಖ ತೋರುವ ಸಾಧ್ಯತೆ ಎಂಟರಲ್ಲಿ ಒಂದು. ಅದು ಅಪರೂಪವಲ್ಲ.

ಆದ್ದರಿಂದ ದೀರ್ಘ ಸಾಲು ಸಿಕ್ಕರೆ ಎರಡು ತುಂಡು ಮಾಡಿ: 1901ರಿಂದ 1960, 1961ರಿಂದ ಈಚೆಗೆ. ಮೊದಲ ತುಂಡಿನಲ್ಲಿ ಕಂಡ ನಂಟು ಎರಡನೆಯದರಲ್ಲೂ ಅದೇ ದಿಕ್ಕಿಗೆ ಕಾಣಬೇಕು. ಆಫ್ರಿಕದ ವಿಕ್ಟೋರಿಯಾ ಸರೋವರದ ಕಥೆ ಇಲ್ಲಿ ಹೇಳಲೇಬೇಕು. 1896ರಿಂದ 1920ರ ದಶಕದ ಆರಂಭದವರೆಗೆ ಸರೋವರದ ಮಟ್ಟ ಸೂರ್ಯಕಲೆಯ ಜೊತೆಜೊತೆಗೇ ಏರಿ ಇಳಿಯಿತು; 1923ರಲ್ಲಿ ಹವಾಮಾನ ತಜ್ಞ ಬ್ರೂಕ್ಸ್ ಅದನ್ನು ಪ್ರಕಟಿಸಿದರು. ನೋಡಿದ ಯಾರಿಗಾದರೂ ನಂಬಿಕೆ ಬರುವಂಥ ಹೊಂದಾಣಿಕೆ. ಕೆಲವೇ ವರ್ಷಗಳಲ್ಲಿ ಅದು ಮುರಿದುಬಿತ್ತು. ಎರಡೇ ಚಕ್ರಗಳನ್ನು ನೋಡಿದ್ದೇ ಅದರ ಬಲವೂ ಆಗಿತ್ತು, ದೌರ್ಬಲ್ಯವೂ ಆಗಿತ್ತು.

ಪಕ್ಕದಲ್ಲಿ ನಿಂತ ಬೇರೆ ಕಾರಣಗಳು

ಮುಂಗಾರನ್ನು ಅಲುಗಾಡಿಸುವುದರಲ್ಲಿ ಎಲ್ ನಿನೊ, ಅಂದರೆ ಶಾಂತಸಾಗರದ ಮೇಲ್ನೀರು ವಾಡಿಕೆಗಿಂತ ಬಿಸಿಯಾಗುವ ವಿದ್ಯಮಾನದ, ಪಾತ್ರ ದೊಡ್ಡದು. ಎಲ್ ನಿನೊ ವರ್ಷಗಳನ್ನು ಗುರುತು ಮಾಡಿ, ಅವುಗಳನ್ನು ಬಿಟ್ಟು ಇನ್ನೊಮ್ಮೆ ಲೆಕ್ಕ ಹಾಕಿ. ನಂಟು ಕರಗಿದರೆ ನೀವು ಹಿಡಿದದ್ದು ಸೂರ್ಯನನ್ನಲ್ಲ, ಶಾಂತಸಾಗರವನ್ನು. ಉಷ್ಣತೆಯನ್ನು ಪರೀಕ್ಷಿಸುವವರು ಜ್ವಾಲಾಮುಖಿಗಳನ್ನೂ ಗಮನಿಸಬೇಕು. 1982ರಲ್ಲಿ ಎಲ್ ಚಿಚೋನ್, 1991ರಲ್ಲಿ ಪಿನಾಟುಬೊ ಸಿಡಿದು ಭೂಮಿಯನ್ನು ತಂಪಾಗಿಸಿದವು. ಎರಡೂ ಸೂರ್ಯಕಲೆಯ ಶಿಖರದ ಬೆನ್ನಿಗೇ ಬಂದವು. ಜ್ವಾಲಾಮುಖಿ ಮಾಡಿದ ತಂಪನ್ನು ಸೂರ್ಯನ ಇಳಿಕೆಯ ಖಾತೆಗೆ ಬರೆಯುವುದು ಎಷ್ಟು ಸುಲಭ ನೋಡಿ. ಇನ್ನೊಂದು ಮಾತು: 1980ರ ದಶಕದಿಂದ ಈಚೆಗೆ ಸೂರ್ಯನ ಚಟುವಟಿಕೆ ಒಟ್ಟಾರೆ ಏರಿಲ್ಲ, ಭೂಮಿಯ ಉಷ್ಣತೆ ಏರುತ್ತಲೇ ಇದೆ. ಅಲ್ಲಿ ಮೊದಲು ಏರಿಕೆಯ ಒಲವನ್ನು ಕಳೆದು ಆಮೇಲೆ ಹೋಲಿಸಬೇಕು.

ನಂಟು ಇದ್ದರೂ ಎಷ್ಟು ಸಣ್ಣದಿರಬಹುದು ಎಂಬ ಅಂದಾಜು ಇರಲಿ. ಸೂರ್ಯನಿಂದ ಭೂಮಿಗೆ ಬರುವ ಶಕ್ತಿ ಚದರ ಮೀಟರಿಗೆ ಸುಮಾರು 1361 ವಾಟ್. ಒಂದು ಚಕ್ರದಲ್ಲಿ ಅದು ಏರಿಳಿಯುವುದು ಸಾವಿರಕ್ಕೆ ಒಂದರಷ್ಟು. ಇಡೀ ಭೂಮಿಯ ಸರಾಸರಿ ಉಷ್ಣತೆಯಲ್ಲಿ ಇದರ ಗುರುತು ಸುಮಾರು 0.1 ಡಿಗ್ರಿ. ಅತಿನೇರಳೆ ಕಿರಣಗಳು ಇದಕ್ಕಿಂತ ಹೆಚ್ಚು ಏರಿಳಿದು ಮೇಲಿನ ವಾತಾವರಣದ ಓಝೋನನ್ನು ತಟ್ಟುತ್ತವೆ. ಆ ದಾರಿಯಿಂದ ಗಾಳಿಯ ಚಲನೆಗೆ ಏನಾದರೂ ಇಳಿದು ಬರುತ್ತದೆಯೇ ಎಂಬುದು ಗಂಭೀರ ಸಂಶೋಧನೆಯ ವಿಷಯ. ಆದ್ದರಿಂದ ಹುಡುಕುವುದು ವ್ಯರ್ಥವಲ್ಲ. ಆದರೆ ನಿಜವಾದ ಸಹಸಂಬಂಧ 0.2 ಇದ್ದರೆ, ಅದನ್ನು ಐದರಲ್ಲಿ ನಾಲ್ಕು ಸಲವಾದರೂ ಹಿಡಿಯಲು ಸುಮಾರು 194 ವರ್ಷಗಳ ಅಂಕಿ ಬೇಕು. 0.1 ಆದರೆ ಸುಮಾರು 780 ವರ್ಷ. 38 ವರ್ಷಗಳಲ್ಲಿ ಏನೂ ಸಿಗದಿದ್ದರೆ "ನಂಟಿಲ್ಲ" ಎಂದು ಬರೆಯಬೇಡಿ. "ಈ ಡೈರಿಗೆ ಕಾಣುವಷ್ಟು ದೊಡ್ಡ ನಂಟು ಸಿಗಲಿಲ್ಲ" ಎಂದು ಬರೆಯಿರಿ.

ಫಲಿತಾಂಶದ ಹಾಳೆಯಲ್ಲಿ ಸಹಸಂಬಂಧದ ಅಂಕಿ, ವರ್ಷಗಳ ಸಂಖ್ಯೆ, ಕಲಸಾಟದಿಂದ ಬಂದ ಶೇಕಡಾವಾರು, ಬಿಟ್ಟ ವರ್ಷಗಳು, ಬಿಟ್ಟ ಕಾರಣ, ಮತ್ತು ಒಟ್ಟು ಎಷ್ಟು ಪರೀಕ್ಷೆ ಮಾಡಿದಿರಿ ಎಂಬುದು ಇರಲಿ. ಕೈಬಿಟ್ಟ ಪರೀಕ್ಷೆಗಳೂ ಆ ಎಣಿಕೆಯಲ್ಲಿ ಸೇರಬೇಕು.

ನಂಟು ಸಿಕ್ಕಿದರೆ ಇನ್ನೊಂದು ಹೆಜ್ಜೆ ಉಳಿದಿದೆ. 2024ರ ಶಿಖರ ದಾಟಿದ ಸೂರ್ಯ ಈಗ ಇಳಿಜಾರಿನಲ್ಲಿದ್ದಾನೆ. ನಿಮ್ಮ ಸೂತ್ರದ ಪ್ರಕಾರ ಮುಂದಿನ ಐದು ಮುಂಗಾರುಗಳಲ್ಲಿ ಮಳೆಯ ದಿನಗಳು ಸರಾಸರಿಗಿಂತ ಹೆಚ್ಚೋ ಕಡಿಮೆಯೋ, ವರ್ಷಕ್ಕೊಂದು ಸಾಲಿನಂತೆ ಈಗಲೇ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಬೇರೊಬ್ಬರ ಕೈಯಲ್ಲಿ ಕೊಡಿ. ನಮ್ಮದು ಭಾವನ ತಂಗಿಯ ಮನೆಯ ಕಪಾಟಿನಲ್ಲಿದೆ. ಪ್ರತಿ ವರ್ಷ ಸೆಪ್ಟೆಂಬರ್ 30ರ ಮಳೆಯನ್ನು ಅಕ್ಟೋಬರ್ 1ರ ಬೆಳಗ್ಗೆ ಎಂಟೂವರೆಗೆ ಓದಿ ಬರೆದ ಮೇಲೆ ಎಣಿಕೆ ಮುಗಿಸುತ್ತೇವೆ, ಐದು ವರ್ಷ ಆಗುವವರೆಗೆ ಲಕೋಟೆಯನ್ನು ಒಡೆಯುವುದಿಲ್ಲ. ಹಲಸಿನ ರೆಂಬೆಯನ್ನು ಭಾವ ಕಡಿಸಲಿಲ್ಲ. ಮಾಪಕವನ್ನೇ ಅಡಿಕೆ ಒಣಗಿಸುವ ಅಂಗಳದ ನಡುವಿಗೆ ಸರಿಸಿ, ಸರಿಸಿದ ದಿನಾಂಕವನ್ನು ಡೈರಿಯಲ್ಲಿ ಕೆಂಪು ಶಾಯಿಯಿಂದ ಬರೆದಿದ್ದಾರೆ.